ಭಾಗ್ಯವೆಂಬ ಭಾಗಾಕಾರ

ಶಾಲೆಯಲ್ಲಿ ಭಾಗಾಕಾರ ಕಲಿತವರಿಗೆಲ್ಲ ನಾಲ್ಕು ಪದಗಳು ನೆನಪಿರುತ್ತವೆ: ಭಾಜ್ಯ, ಭಾಜಕ, ಭಾಗಲಬ್ಧ, ಶೇಷ. ಹಂಚಬೇಕಾದದ್ದು ಭಾಜ್ಯ, ಹಂಚುವುದು ಭಾಜಕ, ಒಬ್ಬೊಬ್ಬರಿಗೆ ಸಿಕ್ಕಿದ್ದು ಭಾಗಲಬ್ಧ, ಹಂಚಲಾಗದೆ ಉಳಿದದ್ದು ಶೇಷ. ಮೊದಲ ಪದದ ಒಂದೇ ಒಂದು ಅಕ್ಷರ ಬದಲಿಸಿ ನೋಡಿ, ಭಾಜ್ಯ ಹೋಗಿ ಭಾಗ್ಯವಾಗುತ್ತದೆ. ಲೆಕ್ಕದ ಪುಸ್ತಕದಿಂದ ಹಣೆಬರಹಕ್ಕೆ ಇರುವ ದೂರ ಅಷ್ಟೇ. ಇದನ್ನು ಕಾಕತಾಳೀಯ ಎನ್ನುವಂತಿಲ್ಲ. ‘ಭಜ್’ ಎಂಬ ಧಾತುವಿಗೆ ‘ಯ’ ಸೇರಿ ಹುಟ್ಟಿದ ಅವಳಿ ಪದಗಳು ಇವು. ಇಬ್ಬರೂ ಹುಟ್ಟುವಾಗ ಹೊತ್ತು ತಂದ ಅರ್ಥ ಒಂದೇ: ಹಂಚಬೇಕಾದದ್ದು, ಪಾಲಾಗಿ ಸಲ್ಲಬೇಕಾದದ್ದು. ಒಂದು ಪದ ಲೆಕ್ಕದ ಮನೆಯಲ್ಲಿ ಬೆಳೆದು ಮೂಲದ ಅರ್ಥವನ್ನು ಹಾಗೇ ಉಳಿಸಿಕೊಂಡಿತು. ಇನ್ನೊಂದು ದೇವರ ಮನೆಗೆ ಹೋಗಿ, ಹಂಚಿದವರು ಯಾರು ಎಂಬುದನ್ನೇ ಮರೆತುಬಿಟ್ಟಿತು.

ಭಜ್ ಧಾತುವಿನ ಸಂತಾನ ಕನ್ನಡದಲ್ಲಿ ಎಷ್ಟು ಹರಡಿದೆಯೆಂದರೆ ಅದಿಲ್ಲದೆ ಒಂದು ದಿನ ಕಳೆಯುವುದು ಕಷ್ಟ. ಭಾಗ, ವಿಭಾಗ, ವಿಭಜನೆ, ಭಾಗೀದಾರ; ಭಕ್ತ, ಭಕ್ತಿ, ಭಜನೆ; ಭಗವಂತ, ಭಾಗವತ; ಸೌಭಾಗ್ಯ, ದೌರ್ಭಾಗ್ಯ; ಭಿಕ್ಷೆ, ಭಕ್ಷ್ಯ; ಗದ್ದೆಯಲ್ಲಿ ಬೆಳೆಯುವ ಭತ್ತ; ಹೋಟೆಲಿನ ಮಾಣಿಗೆ ಕೊಡುವ ಭಕ್ಷೀಸು. ದೇವರು, ಊಟ, ತೆರಿಗೆ, ಅದೃಷ್ಟ, ತಿರುಪೆ, ಇನಾಮು ಇಷ್ಟೂ ಒಂದೇ ಕ್ರಿಯಾಪದದ ಮಕ್ಕಳೆಂದರೆ, ಆ ಕ್ರಿಯೆ ಒಂದು ಸಮಾಜಕ್ಕೆ ಎಷ್ಟು ಮುಖ್ಯವಾಗಿದ್ದಿರಬೇಕು! ಈ ಪದಗಳ ಜಾಡು ಹಿಡಿದು ಹೋದಂತೆಲ್ಲ ನನಗೆ ಪದಗಳಿಗಿಂತ ಹೆಚ್ಚಾಗಿ ಒಂದು ಪ್ರಶ್ನೆ ಕಾಣತೊಡಗಿತು: ಹಂಚುವ ಸೌಟು ಯಾರ ಕೈಯಲ್ಲಿದೆ?

ನಕ್ಷತ್ರ ಹೊತ್ತ ಪದ

ಭಾಷಾವಿಜ್ಞಾನದ ಪುಸ್ತಕಗಳಲ್ಲಿ ಈ ಧಾತುವಿನ ಅತಿ ಹಳೆಯ ರೂಪದ ಮುಂದೆ ಒಂದು ನಕ್ಷತ್ರ ಚಿಹ್ನೆ ಇರುತ್ತದೆ: *ಭಜ್. ಈ ಪದ ಯಾವ ಶಾಸನದಲ್ಲೂ, ಯಾವ ಗ್ರಂಥದಲ್ಲೂ ದೊರೆತಿಲ್ಲ, ಹೋಲಿಕೆಯಿಂದ ಕಂಡುಕೊಂಡದ್ದು ಎಂಬುದು ಆ ಚಿಹ್ನೆಯ ಅರ್ಥ. ವೇದದ ಸಂಸ್ಕೃತವೂ ಜರತುಷ್ಟ್ರನ ಅನುಯಾಯಿಗಳ ಅವೆಸ್ತಾ ಗ್ರಂಥದ ಭಾಷೆಯೂ ಅಕ್ಕತಂಗಿಯರು. ಅವೆರಡಕ್ಕೂ ತಾಯಿಯಾದ ಭಾಷೆಗೆ ವಿದ್ವಾಂಸರು ಆದಿ ಇಂಡೋ-ಇರಾನಿಯನ್ ಎಂದು ಹೆಸರಿಟ್ಟಿದ್ದಾರೆ. ಸುಮಾರು ಕ್ರಿ.ಪೂ. 2000ದ ಆಸುಪಾಸಿನಲ್ಲಿ, ಉರಲ್ ಪರ್ವತಗಳ ದಕ್ಷಿಣದ ಹುಲ್ಲುಗಾವಲುಗಳಲ್ಲಿ, ದನ ಮೇಯಿಸಿಕೊಂಡು, ರಥ ಕಟ್ಟಿಕೊಂಡು ಬದುಕಿದ್ದ ಜನ ಅದನ್ನು ಆಡುತ್ತಿದ್ದರೆಂಬುದು ಇಂದು ಹೆಚ್ಚು ಮಂದಿ ಒಪ್ಪುವ ಅಭಿಪ್ರಾಯ. ಅವರು ಬರೆದಿಟ್ಟದ್ದು ಏನೂ ಇಲ್ಲ. ಅವರ ಪದಗಳನ್ನು ಮಕ್ಕಳ, ಮೊಮ್ಮಕ್ಕಳ ಬಾಯಿಂದ ಕೇಳಿಸಿಕೊಳ್ಳಬೇಕು.

ಹಾಗೆ ಕೇಳಿಸಿಕೊಳ್ಳಲು ನಿಯಮಗಳಿವೆ. ಸಂಸ್ಕೃತದಲ್ಲಿ ‘ಭ’ ಇರುವಲ್ಲಿ ಇರಾನಿನ ಭಾಷೆಗಳಲ್ಲಿ ‘ಬ’ ಬರುತ್ತದೆ. ನಮ್ಮ ಭ್ರಾತೃ ಪಾರಸಿಯ ಬರಾದರ್. ನಮ್ಮ ಭೂಮಿ ಹಳೆಯ ಪಾರಸಿಯ ಬೂಮಿ. ಹಾಗೆಯೇ ನಮ್ಮ ಭಗ ಅವರ ಬಗ, ನಮ್ಮ ಭಕ್ತ ಅವರ ಬಖ್ತ. ಇಂಥ ಜೋಡಿಗಳು ಒಂದೆರಡಿದ್ದರೆ ಆಕಸ್ಮಿಕ ಎನ್ನಬಹುದು. ನೂರಾರು ಸಿಕ್ಕಿ, ಎಲ್ಲವೂ ಒಂದೇ ನಿಯಮಕ್ಕೆ ತಲೆಬಾಗಿದರೆ ಅದು ರಕ್ತಸಂಬಂಧ.

ಒಂದು ಒಗಟು ಮಾತ್ರ ಬಹುಕಾಲ ಬಿಡಿಸದೆ ಉಳಿದಿತ್ತು. ಭಜಿಸು ಎನ್ನುವಾಗ ‘ಜ’, ಭಾಗ ಎನ್ನುವಾಗ ‘ಗ’, ಭಕ್ತಿ ಎನ್ನುವಾಗ ‘ಕ’. ಒಂದೇ ಧಾತು ಮೂರು ವೇಷ ಹಾಕುವುದೇಕೆ? ಈ ಧಾತು ಒಂಟಿಯೂ ಅಲ್ಲ. ತ್ಯಜಿಸು, ತ್ಯಾಗ, ತ್ಯಕ್ತ. ಭೋಜನ, ಭೋಗ, ಭುಕ್ತಿ. ಯೋಜನೆ, ಯೋಗ, ಯುಕ್ತಿ. ನಾವು ಒಂದೇ ಉಸಿರಿನಲ್ಲಿ ಹೇಳುವ ‘ರೋಗರುಜಿನ’ದಲ್ಲಂತೂ ‘ಗ’ ಮತ್ತು ‘ಜ’ ಅಕ್ಕಪಕ್ಕ ಕುಳಿತಿವೆ. ‘ಕ’ ಬರುವ ಕಾರಣ ಸುಲಭ. ಮುಂದಿನ ‘ತ’ಕಾರದ ಸೆಳೆತಕ್ಕೆ ‘ಗ’ ತನ್ನ ಘೋಷ ಕಳೆದುಕೊಳ್ಳುತ್ತದೆ. ‘ಜ’ ಮತ್ತು ‘ಗ’ಗಳ ವ್ಯವಹಾರ ಅಷ್ಟು ಸುಲಭವಲ್ಲ. ಅದು ಎಲ್ಲೆಲ್ಲಿ ನಡೆಯುತ್ತದೆ ಎಂಬುದನ್ನು ಪಾಣಿನಿ ಸೂತ್ರಗಳಲ್ಲಿ ಕಟ್ಟಿಕೊಟ್ಟ. ಏಕೆ ನಡೆಯುತ್ತದೆ ಎಂಬುದು ಗೊತ್ತಾಗಲು 1870ರ ದಶಕದವರೆಗೆ ಕಾಯಬೇಕಾಯಿತು.

ಉತ್ತರವನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ನಮ್ಮ ಕೆರೆ ಅಲ್ಲಿ ಚೆರುವು. ‘ಇ’, ‘ಎ’ ಸ್ವರಗಳ ಮುಂದೆ ನಾಲಗೆ ಅಂಗುಳಿನ ಕಡೆ ಜರುಗುವುದರಿಂದ ಕಕಾರ ಚಕಾರವಾಗುತ್ತದೆ. ಇಂಡೋ-ಇರಾನಿಯನ್ನಿನಲ್ಲಿ ಆದದ್ದೂ ಇದೇ. ಮೂಲದಲ್ಲಿ ಇದ್ದದ್ದು ಗಕಾರ. ‘ಎ’ ಸ್ವರದ ಮುಂದೆ ಅದು ‘ಜ’ ಆಯಿತು, ‘ಒ’ ಸ್ವರದ ಮುಂದೆ ‘ಗ’ ಆಗಿಯೇ ಉಳಿಯಿತು. ಆಮೇಲೆ ಆ ‘ಎ’ ಮತ್ತು ‘ಒ’ ಎರಡೂ ‘ಅ’ಕಾರದಲ್ಲಿ ಕರಗಿಹೋದವು. ಕಾರಣ ಅಳಿಸಿಹೋಗಿ ಪರಿಣಾಮ ಮಾತ್ರ ಉಳಿಯಿತು. ಭಜನೆಯ ‘ಜ’ಕಾರ, ಯಾರೂ ಬರೆದಿಡದ ಒಂದು ಸ್ವರ ಬಿಟ್ಟುಹೋದ ಹೆಜ್ಜೆ ಗುರುತು.

ಕೊಡುವವನೂ ಪಡೆಯುವವನೂ

ವೇದದ ಸಂಸ್ಕೃತದಲ್ಲಿ ಈ ಕ್ರಿಯಾಪದಕ್ಕೆ ಎರಡು ಮುಖಗಳಿವೆ. ಭಜತಿ ಎಂದರೆ ಪಾಲು ಹಂಚುತ್ತಾನೆ. ಭಜತೇ ಎಂದರೆ ಪಾಲು ಪಡೆಯುತ್ತಾನೆ, ಅನುಭವಿಸುತ್ತಾನೆ. ಸಂಸ್ಕೃತ ವ್ಯಾಕರಣ ಮೊದಲನೆಯದನ್ನು ಪರಸ್ಮೈಪದವೆಂದೂ ಎರಡನೆಯದನ್ನು ಆತ್ಮನೇಪದವೆಂದೂ ಕರೆಯುತ್ತದೆ: ಪರರಿಗಾಗಿ ಮಾಡಿದ್ದು, ತನಗಾಗಿ ಮಾಡಿದ್ದು. ಎಷ್ಟೋ ಧಾತುಗಳಲ್ಲಿ ಈ ಹೆಸರುಗಳು ಬರಿಯ ತಾಂತ್ರಿಕ ಪದಗಳಾಗಿ ಉಳಿದಿವೆ. ಭಜ್ ಧಾತುವಿನಲ್ಲಿ ಮಾತ್ರ ಅವು ಅಕ್ಷರಶಃ ನಿಜ. ಬಡಿಸುವವನೂ ಎಲೆಯ ಮುಂದೆ ಕುಳಿತವನೂ ಒಂದೇ ಧಾತುವಿನ ಎರಡು ಬದಿಗಳಲ್ಲಿದ್ದಾರೆ.

ಬಡಿಸುವವನಿಗೆ ಒಂದು ಹೆಸರೂ ಇತ್ತು. ಋಗ್ವೇದದ ಆದಿತ್ಯರಲ್ಲಿ ಒಬ್ಬ ಭಗ, ಅಂದರೆ ಪಾಲು ಕೊಡುವವನು. ಆ ಆದಿತ್ಯರ ಪಟ್ಟಿಯಲ್ಲೇ ಇನ್ನೊಬ್ಬನ ಹೆಸರು ಅಂಶ. ಅದರ ಅರ್ಥವೂ ಪಾಲು. ಮಿತ್ರ ಒಪ್ಪಂದದ ದೇವರು, ವರುಣ ನಿಯಮದ ದೇವರು, ಜೊತೆಗೆ ಪಾಲಿಗೆ ಇಬ್ಬರು. ದನ, ಹುಲ್ಲುಗಾವಲು, ಗೆದ್ದ ಸೊತ್ತು ಇವನ್ನು ಜಗಳವಿಲ್ಲದೆ ಹಂಚಿಕೊಳ್ಳುವುದು ಒಂದು ಬುಡಕಟ್ಟಿನ ಅಳಿವು ಉಳಿವಿನ ಪ್ರಶ್ನೆ. ಅದಕ್ಕೆ ದೇವರ ಸಾಕ್ಷಿ ಬೇಕಾಗಿತ್ತೆಂಬುದು ಸಹಜವೇ. ಇಂದಿಗೂ ದೇವಾಲಯಗಳಲ್ಲಿ ಭಾಗ್ಯಸೂಕ್ತವೆಂಬ ಹೆಸರಿನಿಂದ ಪಠಿಸುವುದು ಋಗ್ವೇದದ ಏಳನೆಯ ಮಂಡಲದಲ್ಲಿ ಇದೇ ಭಗನನ್ನು ಕುರಿತು ಇರುವ ಸೂಕ್ತವನ್ನು. ಅದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಎರಡು ಸಂಗತಿಗಳು. ಬಡವ, ಬಲಶಾಲಿ, ರಾಜ ಮೂವರೂ ಒಂದೇ ಮಾತಿನಲ್ಲಿ ಭಗನ ಬಳಿ ಪಾಲು ಕೇಳುತ್ತಾರೆ ಎನ್ನುತ್ತದೆ ಆ ಸೂಕ್ತ. ಭಗನ ಮುಂದೆ ರಾಜನೂ ಕೈ ಚಾಚಿದವನೇ. ಎರಡನೆಯದು, ನಾವೂ ಭಗವಂತರಾಗೋಣ ಎಂದು ಕವಿ ಹಾರೈಸುತ್ತಾನೆ. ಇಂದಿನ ಕಿವಿಗೆ ಅದು ದೊಡ್ಡ ಅಹಂಕಾರದಂತೆ ಕೇಳೀತು. ಆಗ ಭಗವಂತನೆಂದರೆ ಪಾಲುಳ್ಳವನು, ಅಷ್ಟೇ. ಹಸುವನ್ನೂ ಹಾಗೆ ಕರೆಯಬಹುದಿತ್ತು.

ಋಗ್ವೇದದಲ್ಲಿ ‘ಭಗಭಕ್ತ’ ಎಂಬ ಒಂದು ಸಮಾಸ ಬರುತ್ತದೆ. ಇಂದು ಅದನ್ನು ಓದಿದರೆ ಭಗನ ಭಕ್ತ, ಭಗನನ್ನು ಪೂಜಿಸುವವನು ಎಂದೇ ಯಾರಾದರೂ ಅರ್ಥ ಹೇಳುತ್ತಾರೆ. ಅದರ ನಿಜವಾದ ಅರ್ಥ ಭಗನು ಹಂಚಿಕೊಟ್ಟದ್ದು. ಭಕ್ತ ಎಂಬುದು ಇಲ್ಲಿ ವ್ಯಕ್ತಿಯ ಹೆಸರಲ್ಲ. ತ್ಯಕ್ತ, ಭುಕ್ತ ಎಂಬಂತೆ ಅದೂ ‘ಹಂಚಲ್ಪಟ್ಟ’ ಎಂಬ ಕೃದಂತ. ಅವೆಸ್ತಾದಲ್ಲಿಯೂ ಇದೇ ಸಮಾಸವಿದೆ, ‘ಬಗೋಬಖ್ತ’ ಎಂಬ ರೂಪದಲ್ಲಿ, ಇದೇ ಅರ್ಥದಲ್ಲಿ. ಸಿಂಧೂ ಬಯಲಿನ ಕವಿಗಳೂ ಇರಾನಿನ ಪುರೋಹಿತರೂ ಬೇರೆಬೇರೆಯಾಗಿ ಇದನ್ನು ಕಟ್ಟಿಕೊಂಡಿರುವುದಕ್ಕಿಂತ, ಎರಡೂ ಕವಲುಗಳು ಒಂದೇ ಮನೆಯಿಂದ ಹೊತ್ತು ತಂದಿರುವುದೇ ಹೆಚ್ಚು ಸಂಭವ. ನಕ್ಷತ್ರ ಚಿಹ್ನೆಯ ಹಿಂದಿನ ಆ ಜನರ ನಂಬಿಕೆಯೊಂದು ಈ ಜೋಡಿಪದದಲ್ಲಿ ನಮಗೆ ಸಿಗುತ್ತದೆ: ನನ್ನ ಪಾಲಿಗೆ ಬಂದದ್ದನ್ನು ಹಂಚಿದವನೊಬ್ಬನಿದ್ದಾನೆ, ಅವನಿಗೆ ಹೆಸರಿದೆ.

ಇರಾನಿನ ಬಗ

ಅಕ್ಕತಂಗಿಯರು ಬೇರೆಯಾದ ಮೇಲೆ ಪದಗಳ ಹಣೆಬರಹವೂ ಬೇರೆಯಾಯಿತು. ಜರತುಷ್ಟ್ರನ ಧರ್ಮದಲ್ಲಿ ದೇವ ಎಂಬ ಪದಕ್ಕೆ ಕೆಡುಕು ತಟ್ಟಿತು. ನಮ್ಮ ದೇವರು ಅಲ್ಲಿ ದೈತ್ಯನಾದ. ಪಾರಸಿ ಕತೆಗಳ ‘ದೀವ್’ ಎಂಬ ರಾಕ್ಷಸ ಅವನೇ. ಹಳೆಯ ಪಾರಸಿಯಲ್ಲಿ ದೇವರಿಗೆ ನಿಂತ ಸಾಮಾನ್ಯ ಪದ ಬಗ. ನಮ್ಮಲ್ಲಿ ಭಗ ಆದಿತ್ಯರ ಸಾಲಿನ ಒಬ್ಬ ಸಣ್ಣ ದೇವತೆಯಾಗಿ ಉಳಿದರೆ, ಅಲ್ಲಿ ಅವನ ಹೆಸರೇ ದೇವತ್ವದ ಹೆಸರಾಯಿತು. ಅಕೆಮೆನಿಡ್ ಅರಸರ ಶಾಸನಗಳಲ್ಲಿ ಅಹುರಮಜ್ದನನ್ನು ಮಹಾನ್ ಬಗ ಎಂದು ಕೊಂಡಾಡಲಾಗಿದೆ.

ಪಶ್ಚಿಮ ಇರಾನಿನ ಬಿಸುತೂನ್ ಬಂಡೆಯ ಮೇಲೆ ಸುಮಾರು ಕ್ರಿ.ಪೂ. 520ರಲ್ಲಿ ದಾರಯವಹುಷ್ ಅರಸ ಮೂರು ಭಾಷೆಗಳಲ್ಲಿ ಕೊರೆಯಿಸಿದ ದೊಡ್ಡ ಶಾಸನವಿದೆ. ಆ ಜಾಗದ ಹಳೆಯ ಹೆಸರು ಬಗಸ್ತಾನ. ಸಂಸ್ಕೃತದಲ್ಲಿ ಹೇಳುವುದಾದರೆ ಭಗಸ್ಥಾನ, ದೇವರ ತಾಣ. ಆ ಶಾಸನದಲ್ಲಿ ಅರಸ ತನಗೆ ಅಧೀನವಾದ 23 ನಾಡುಗಳನ್ನು ಹೆಸರಿಸಿ, ಅವು ತನಗೆ ‘ಬಾಜಿ’ ತಂದು ಒಪ್ಪಿಸಿದವು ಎನ್ನುತ್ತಾನೆ. ಬಾಜಿ ಎಂದರೆ ಕಪ್ಪ, ಕಾಣಿಕೆ. ಅದೂ ಭಜ್ ಧಾತುವಿನದೇ ಕೂಸು, ಅರಸನಿಗೆ ಸಲ್ಲಬೇಕಾದ ಪಾಲು. ದೇವರ ತಾಣದ ಬಂಡೆಯ ಮೇಲೆ, ದೇವರ ಹೆಸರಿನ ಧಾತುವಿನಿಂದಲೇ ಹುಟ್ಟಿದ ತೆರಿಗೆಯ ಹೆಸರು ಕೆತ್ತಿದೆ. ಹಂಚುವ ದೇವರಿಂದ ವಸೂಲು ಮಾಡುವ ಅರಸನವರೆಗೆ ಧಾತು ನಡೆದ ದಾರಿ ಹೀಗೆ ಕಲ್ಲಿನಲ್ಲೇ ಕಾಣುತ್ತದೆ.

ಬಗ್ದಾದ್ ನಗರದ ಹೆಸರಿಗೂ ಇದೇ ಮೂಲ ಎಂಬುದು ಹೆಚ್ಚು ಮನ್ನಣೆ ಪಡೆದ ವಿವರಣೆ. ಕ್ರಿ.ಶ. 762ರಲ್ಲಿ ಅಬ್ಬಾಸಿ ಖಲೀಫರು ಅಲ್ಲಿ ರಾಜಧಾನಿ ಕಟ್ಟುವ ಮೊದಲೇ ಆ ಹೆಸರಿತ್ತು: ಬಗ, ದಾದ್; ದೇವರು ಕೊಟ್ಟದ್ದು. ಗದುಗಿನ ಭಾರತ ಓದಿದವರಿಗೆ, ಯಕ್ಷಗಾನ ನೋಡಿದವರಿಗೆ ಆನೆಯೇರಿ ಬರುವ ಭಗದತ್ತ ನೆನಪಿರುತ್ತಾನೆ. ಭಗದತ್ತನೂ ಬಗ್ದಾದೂ ಅರ್ಥದಲ್ಲಿ ಒಂದೇ ಹೆಸರು. ಒಂದು ಪ್ರಾಗ್ಜ್ಯೋತಿಷದ ಅರಸನಿಗೆ, ಇನ್ನೊಂದು ಟೈಗ್ರಿಸ್ ದಂಡೆಯ ಊರಿಗೆ.

ಪಾರಸಿ ಮುಂದೆ ಈ ಧಾತುವನ್ನು ಕೊಡುವ ಕೈಯ ಕಡೆಗೇ ಬೆಳೆಸಿತು. ಬಖ್ಶ್ ಎಂದರೆ ಭಾಗ. ಬಖ್ಶೀದನ್ ಎಂದರೆ ಕೊಡು, ಕ್ಷಮಿಸು. ಬಖ್ಶೀಶ್ ಎಂದರೆ ಸಂತೋಷಕ್ಕೆ ಕೊಟ್ಟದ್ದು. ಹಿಂದೆ ‘ಹಂಚಲ್ಪಟ್ಟದ್ದು’ ಎಂಬ ಅರ್ಥವಿದ್ದ ಬಖ್ತ್ ಬರಬರುತ್ತ ಅದೃಷ್ಟವಾಯಿತು. ಅಂದರೆ ಪಾರಸಿಯ ಬಖ್ತ್ ನಮ್ಮ ‘ಭಕ್ತ’ನ ಅಣ್ಣ. ಹಿಂದಿ ಸಿನಿಮಾಗಳಲ್ಲಿ ಬೈಗುಳವಾಗಿ ಕೇಳುವ ‘ಕಂಬಖ್ತ್’ ಎಂದರೆ ಪಾಲು ಕಡಿಮೆ ಬಿದ್ದವನು, ನಮ್ಮ ನಿರ್ಭಾಗ್ಯ.

ಇದೇ ಮಾತು ಇನ್ನೂ ಉತ್ತರದಲ್ಲಿ ಕೇಳುತ್ತದೆ. ರಷ್ಯನ್ ಮೊದಲಾದ ಸ್ಲಾವ್ ಭಾಷೆಗಳಲ್ಲಿ ದೇವರಿಗೆ ‘ಬೋಗ್’ ಎನ್ನುತ್ತಾರೆ. ಶ್ರೀಮಂತನಿಗೆ ‘ಬಗಾತಿ’, ದರಿದ್ರನಿಗೆ ‘ಉಬೋಗಿ’. ದೇವರು, ಪಾಲುಳ್ಳವನು, ಪಾಲಿಲ್ಲದವನು ಮೂವರೂ ಒಂದೇ ಧಾತುವಿನಲ್ಲಿ. ಸ್ಲಾವರು ಈ ಪದವನ್ನು ಇರಾನಿಯನ್ ಜನರಿಂದ ಕಲಿತರೋ, ಇನ್ನೂ ಹಳೆಯ ಪೂರ್ವಜರಿಂದ ಪಡೆದರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಗ್ರೀಕರಲ್ಲಿ ಧಾತು ದೇವರ ಹತ್ತಿರ ಹೋಗಲೇ ಇಲ್ಲ. ನೇರ ಊಟಕ್ಕೆ ಕುಳಿತಿತು. ಅಲ್ಲಿ ‘ಫಗೇಯ್ನ್’ ಎಂದರೆ ತಿನ್ನು. ಬ್ಯಾಕ್ಟೀರಿಯಾವನ್ನು ತಿಂದುಹಾಕುವ ವೈರಸ್ಸಿಗೆ ಬ್ಯಾಕ್ಟೀರಿಯೋಫೇಜ್ ಎಂಬ ಹೆಸರು ಬಂದದ್ದು ಅದರಿಂದ.

ಅನ್ನ, ಭಿಕ್ಷೆ, ಭಕ್ತಿ

ಊಟದ ದಾರಿ ನಮ್ಮಲ್ಲೂ ಇತ್ತು. ಭಜ್ ಧಾತುವಿಗೆ ಸಕಾರ ಸೇರಿ ಬೆಳೆದ ರೂಪ ಭಕ್ಷ್. ಋಗ್ವೇದದಲ್ಲಿ ಅದು ಹೆಚ್ಚಾಗಿ ಸೋಮರಸದ ಪಾಲು ಸವಿಯುವುದಕ್ಕೆ ಸಂಬಂಧಿಸಿದ್ದು. ಆಮೇಲೆ ಎಲ್ಲ ತಿನ್ನುವುದಕ್ಕೂ ಸಲ್ಲುತ್ತದೆ. ಅವೆಸ್ತಾದ ಬಖ್ಶ್ ಇದೇ ರೂಪ, ಆದರೆ ಅದರ ಅರ್ಥ ಹಂಚು. ಒಂದೇ ಬೀಜ ಇಲ್ಲಿ ಭಕ್ಷಣೆಯಾಯಿತು, ಅಲ್ಲಿ ಬಖ್ಶೀಶ್ ಆಯಿತು. ಒಬ್ಬರು ತಿಂದರು, ಒಬ್ಬರು ಕೊಟ್ಟರು.

ಭಕ್ತ ಎಂಬ ಕೃದಂತವೂ ಅಡುಗೆಮನೆಗೆ ಬಂತು. ‘ಹಂಚಿಕೊಟ್ಟದ್ದು’ ಎಂದರೆ ಮುಖ್ಯವಾಗಿ ಊಟ, ಊಟವೆಂದರೆ ಬೆಂದ ಅನ್ನ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೆಲಸಗಾರರಿಗೆ ಕೊಡುವ ‘ಭಕ್ತವೇತನ’ ಎಂದರೆ ಊಟ ಮತ್ತು ಸಂಬಳ, ಭಕ್ತರ ವೇತನವಲ್ಲ. ಪ್ರಾಕೃತದಲ್ಲಿ ಇದು ಭತ್ತವಾಯಿತು, ಹಿಂದಿ ಮರಾಠಿಗಳಲ್ಲಿ ಭಾತ್ ಆಯಿತು. ಕನ್ನಡದಲ್ಲಿ ಬೆಂದ ಅನ್ನದಿಂದ ಹಿಂದಕ್ಕೆ ಸರಿದು ಗದ್ದೆಯ ತೆನೆಯನ್ನೇ ಹಿಡಿಯಿತು. ಅಚ್ಚಗನ್ನಡದ ನೆಲ್ಲು ಪಕ್ಕಕ್ಕೆ ಸರಿಯಿತು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಸಂಬಳದ ಮೇಲೆ ಕೊಡುತ್ತಿದ್ದ ಖರ್ಚಿನ ಹಣಕ್ಕೆ ‘ಬತ್ತ’ ಎಂದೇ ಹೆಸರಿತ್ತು; ಅದೂ ಈ ಅನ್ನದ ಭತ್ತವೇ ಎನ್ನುತ್ತಾರೆ ನಿಘಂಟುಕಾರರು. 1766ರಲ್ಲಿ ಕ್ಲೈವ್ ಅದನ್ನು ಕಡಿತ ಮಾಡಿದಾಗ ಬಂಗಾಳದ ಇಂಗ್ಲಿಷ್ ಅಧಿಕಾರಿಗಳೇ ಬಂಡೆದ್ದರು. ಪಾಲಿಗೆ ಕತ್ತರಿ ಬಿದ್ದರೆ ಯಾವ ಭಾಷೆಯವನೂ ಸುಮ್ಮನಿರುವುದಿಲ್ಲ.

ಭಿಕ್ಷೆಯ ಕತೆ ಇನ್ನೂ ಸೊಗಸಾಗಿದೆ. ಸಂಸ್ಕೃತದಲ್ಲಿ ಬಯಕೆಯನ್ನು ಸೂಚಿಸಲು ಧಾತುವನ್ನೇ ತಿರುಚಿ ಹೊಸ ಧಾತು ಮಾಡುವ ಪದ್ಧತಿಯಿದೆ. ಲಭ್ ಎಂದರೆ ಪಡೆ, ಪಡೆಯುವ ಆಸೆ ಲಿಪ್ಸೆ. ಶಕ್ ಎಂದರೆ ಸಾಮರ್ಥ್ಯ, ಸಮರ್ಥನಾಗುವ ಬಯಕೆ ಶಿಕ್ಷ್. ನಮ್ಮ ಶಿಕ್ಷಣ ಅದರಿಂದಲೇ. ಹಾಗೆಯೇ ಭಜ್ ಧಾತುವಿನಿಂದ ಭಿಕ್ಷ್, ಅಂದರೆ ಪಾಲು ಪಡೆಯುವ ಬಯಕೆ. ಭಿಕ್ಷೆ ಕೇಳುವವನು ಮೂಲದಲ್ಲಿ ದೈನ್ಯದಿಂದ ಕೈಚಾಚಿದವನಲ್ಲ, ತನಗೂ ಒಂದು ಪಾಲಿದೆ ಎಂದು ನೆನಪಿಸುವವನು. ಬೌದ್ಧ ಭಿಕ್ಷು ಮನೆಯ ಮುಂದೆ ಮೌನವಾಗಿ ಪಾತ್ರೆ ಹಿಡಿದು ನಿಲ್ಲುವಾಗ ಈ ಹಳೆಯ ಅರ್ಥ ನನಗೆ ಹೆಚ್ಚು ಹೊಂದುವಂತೆ ಕಾಣುತ್ತದೆ.

ಅರಸನ ಪಾಲೂ ಇಲ್ಲಿ ತಪ್ಪಲಿಲ್ಲ. ಧರ್ಮಶಾಸ್ತ್ರಗಳು ಬೆಳೆಯ ಆರನೆಯ ಒಂದು ಭಾಗವನ್ನು, ಅಂದರೆ ಷಡ್ಭಾಗವನ್ನು, ರಾಜನಿಗೆ ವಿಧಿಸಿದವು. ಅಶೋಕ ತನ್ನ ಆಳ್ವಿಕೆಯ 20ನೆಯ ವರ್ಷದಲ್ಲಿ ಬುದ್ಧ ಹುಟ್ಟಿದ ಲುಂಬಿನಿಗೆ ಹೋಗಿ ನಿಲ್ಲಿಸಿದ ಕಂಬದ ಮೇಲೆ, ಆ ಹಳ್ಳಿಗೆ ಬಲಿ ಎಂಬ ತೆರಿಗೆಯನ್ನು ಬಿಟ್ಟದ್ದನ್ನೂ ಎಂಟನೆಯ ಭಾಗದ ವಿಷಯವನ್ನೂ ಬರೆಯಿಸಿದ್ದಾನೆ. ಬಿಸುತೂನಿನ ಬಾಜಿಗೂ ಲುಂಬಿನಿಯ ಭಾಗಕ್ಕೂ ನಡುವೆ ಮುನ್ನೂರು ವರ್ಷ ಕೂಡ ಅಂತರವಿಲ್ಲ. ಒಬ್ಬ ಅರಸ ಪಾಲು ಬಂತೆಂದು ಬರೆಸಿದ, ಇನ್ನೊಬ್ಬ ಪಾಲು ಬಿಟ್ಟೆನೆಂದು ಬರೆಸಿದ.

ಇನ್ನು ಭಕ್ತಿ. ಪಾಣಿನಿಯ ಕಾಲಕ್ಕೆ ಭಕ್ತಿ ಎಂದರೆ ಯಾವುದಕ್ಕಾದರೂ ಅಂಟಿಕೊಂಡ ಒಲವು. ಆ ಪ್ರಕರಣದಲ್ಲಿ ವಾಸುದೇವನ ಮೇಲೆ ಭಕ್ತಿಯುಳ್ಳವನಿಗೆ ಪ್ರತ್ಯಯ ಹೇಳುವ ಸೂತ್ರವಿದೆ. ಅದಕ್ಕೆ ತುಸು ಹಿಂದೆಯೇ ಅಚೇತನ ವಸ್ತುಗಳ ಭಕ್ತಿಗೂ ಸೂತ್ರವಿದೆ. ಕಜ್ಜಾಯಪ್ರಿಯನಿಗೂ ಪಾಯಸಪ್ರಿಯನಿಗೂ ವ್ಯಾಖ್ಯಾನಕಾರರು ಅಲ್ಲಿಯೇ ಪದ ಕಟ್ಟಿಕೊಡುತ್ತಾರೆ. ಪಾಯಸದ ಭಕ್ತಿಯೂ ವಾಸುದೇವನ ಭಕ್ತಿಯೂ ಒಂದೇ ಪಂಕ್ತಿಯಲ್ಲಿ! ಪಾಣಿನೀಯ ಧಾತುಪಾಠ ಭಜ್ ಧಾತುವಿಗೆ ಕೊಡುವ ಅರ್ಥ ಮಾತ್ರ ಸೇವೆ. ಅಷ್ಟು ಹೊತ್ತಿಗೆ ಕ್ರಿಯಾಪದದ ತೂಕ ಒಂದೇ ಬದಿಗೆ ವಾಲಿತ್ತು. ಪಾಲು ಪಡೆಯುವವನು ಪಾಲು ಕೊಡುವವನ ಆಶ್ರಿತನಾದ, ಆಶ್ರಿತ ಸೇವಕನಾದ, ಸೇವಕ ಭಕ್ತನಾದ. ಪಾಲುಳ್ಳ ಯಾರಿಗಾದರೂ ಸಲ್ಲುತ್ತಿದ್ದ ಭಗವಂತ ಎಂಬ ಪದ ಗುರುಗಳಿಗೆ, ಬುದ್ಧನಿಗೆ, ಕೊನೆಗೆ ಪರಮಾತ್ಮನಿಗೆ ಮೀಸಲಾಯಿತು.

ಈ ತಿರುವಿನ ಕಲ್ಲಿನ ಸಾಕ್ಷಿಯೊಂದು ಮಧ್ಯಪ್ರದೇಶದ ವಿದಿಶೆಯ ಬಳಿ ಬೆಸನಗರದಲ್ಲಿದೆ. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ತಕ್ಷಶಿಲೆಯಿಂದ ಬಂದ ಹೆಲಿಯೊಡೊರಸ್ ಎಂಬ ಗ್ರೀಕ್ ರಾಯಭಾರಿ ಅಲ್ಲಿ ವಾಸುದೇವನಿಗೆ ಗರುಡಗಂಬ ನೆಡಿಸಿ, ತಾನು ಭಾಗವತ ಎಂದು ಬರೆಸಿಕೊಂಡ. ಅವನು ಬಂದದ್ದು ಭಾಗಭದ್ರನೆಂಬ ಅರಸನ ಆಸ್ಥಾನಕ್ಕೆ. ತನ್ನ ತಾಯ್ನುಡಿಯಲ್ಲಿ ತಿನ್ನುವುದಕ್ಕೆ ಬಳಸುವ ಪದವೂ ತಾನು ಹೊಸದಾಗಿ ಧರಿಸಿದ ಧರ್ಮದ ಹೆಸರೂ ಒಂದೇ ಬುಡದವು ಎಂಬುದು ಅವನಿಗೆ ತಿಳಿದಿರುವ ಸಾಧ್ಯತೆಯೇ ಇರಲಿಲ್ಲ.

ಕನ್ನಡದ ಪಾಲು

ಬೇರೆಯಾದ ಅಕ್ಕತಂಗಿಯರ ಮಕ್ಕಳು ಮತ್ತೆ ಒಂದೇ ಸೂರಿನಡಿ ಸೇರಿದ ಮನೆಗಳಲ್ಲಿ ಕನ್ನಡವೂ ಒಂದು. ಸಂಸ್ಕೃತ ಪ್ರಾಕೃತಗಳಿಂದ ಭಾಗ್ಯ, ಭಕ್ತ, ಭತ್ತ ಬಂದವು. ಬಹಮನಿ, ಬಿಜಾಪುರ, ಹೈದರ್-ಟಿಪ್ಪುಗಳ ಆಡಳಿತದ ಮೂಲಕ ಪಾರಸಿ ಪದಗಳು ಬಂದವು. ಕಂದಾಯದ ಕಡತಗಳಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂದು ಭೂಮಿಯನ್ನು ವಿಂಗಡಿಸುವುದು ಎಲ್ಲರಿಗೂ ಗೊತ್ತು. ಬಾಗಾಯ್ತಿನ ‘ಬಾಗ್’, ಹೈದರಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗಿನ ‘ಬಾಗ್’ ಪಾರಸಿಯ ತೋಟ. ಅದರ ಹಳೆಯ ಅರ್ಥ ಪಾಲಿಗೆ ಬಂದ ತುಂಡು ನೆಲ ಎಂದು ವಿದ್ವಾಂಸರು ವಿವರಿಸುತ್ತಾರೆ. ನಮ್ಮ ಭಾಗವೇ ಅದು. ಬಖ್ಶೀಶ್ ಕೂಡ ಹೀಗೆಯೇ ಬಂತು. ಇರಾನಿನಲ್ಲಿ ಮೂರು ಸಾವಿರ ವರ್ಷಗಳ ಹಿಂದೆಯೇ ಕಳೆದುಹೋಗಿದ್ದ ಮಹಾಪ್ರಾಣವನ್ನು ನಮ್ಮವರು ‘ಭಕ್ಷೀಸು’ ಎಂದು ಬರೆದು ಅದಕ್ಕೆ ಹಿಂದಿರುಗಿಸಿದರು. ಶುದ್ಧಿವಾದಿಗಳು ಇದನ್ನು ತಪ್ಪೆನ್ನಬಹುದು. ನನಗಂತೂ ತವರಿಗೆ ಬಂದ ಮಗಳಿಗೆ ಹಳೆಯ ಒಡವೆ ತೊಡಿಸಿದಂತೆ ಕಾಣುತ್ತದೆ.

ಹಾಗೆಂದು ಒಂದೇ ತರಹ ಕೇಳುವುದೆಲ್ಲ ನೆಂಟರಲ್ಲ. ಬಾಗು, ಬಾಗಿಲು ಅಚ್ಚ ದ್ರಾವಿಡ ಪದಗಳು. ಮೈಸೂರು ಅರಮನೆಯಲ್ಲಿ ಅಧಿಕಾರಿಗಳಿಗಿದ್ದ ‘ಬಕ್ಷಿ’ ಎಂಬ ಬಿರುದು ಬಕ್ಷೀಸಿನ ಅಣ್ಣನಂತೆ ಕಂಡರೂ, ಅದು ಚೀನೀ ಭಾಷೆಯ ‘ವಿದ್ವಾಂಸ’ ಎಂಬ ಪದ ಉಯ್ಘರ್, ಮಂಗೋಲರ ಮೂಲಕ ಅಲೆದು ಬಂದದ್ದು ಎಂಬುದು ಇಂದು ಹೆಚ್ಚಿನವರು ಒಪ್ಪುವ ಮಾತು.

ಕನ್ನಡಕ್ಕೆ ತನ್ನದೇ ಪದವೂ ಇದೆ: ಪಾಲು. ಅದು ಹಿಡಿದ ದಾರಿಯೂ ಭಾಗ್ಯದ ದಾರಿಯೇ. ‘ಪಾಲಿಗೆ ಬಂದದ್ದು ಪಂಚಾಮೃತ’ ಎನ್ನುವಾಗ ಪಾಲು ಎಂದರೆ ಹಿಸ್ಸೆಯೂ ಹೌದು, ಹಣೆಬರಹವೂ ಹೌದು. ಹಳೆಯ ತಮಿಳಿನಲ್ಲಿಯೂ ಪಾಲ್ ಎಂಬುದಕ್ಕೆ ವಿಧಿ ಎಂಬ ಅರ್ಥವಿದೆ. ನಾವು ನಿಟ್ಟುಸಿರಿಟ್ಟು ಹೇಳುವ ‘ನಸೀಬು’ ಅರಬ್ಬಿಯಲ್ಲಿ ಪಾಲು. ‘ಕಿಸ್ಮತ್’ ಎಂಬುದೂ ಹಂಚಿಕೆ. ಗ್ರೀಕರ ವಿಧಿದೇವತೆ ಮೊಯಿರಾಳ ಹೆಸರಿಗೂ ಪಾಲು ಎಂದೇ ಅರ್ಥ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಭಾಷಾಕುಲಗಳು ಒಂದೇ ಕಡೆಗೆ ಬಂದು ನಿಂತಿವೆ. ಎಲ್ಲೆಡೆಯೂ ಮನುಷ್ಯ ತನಗೆ ಸಿಕ್ಕ ಪಾಲನ್ನು ಮೊದಲು ಎಣಿಸಿದ್ದಾನೆ. ಅದು ಏಕೆ ಇಷ್ಟೇ ಎಂದು ಕೇಳಿ ಉತ್ತರ ಸಿಗದಾದಾಗ ಅದನ್ನೇ ವಿಧಿ ಎಂದಿದ್ದಾನೆ.

ಕೇಳುವುದನ್ನು ಬಿಡದವರೂ ಇದ್ದರು. ಹನ್ನೆರಡನೆಯ ಶತಮಾನದ ಶರಣರ ಷಟ್‌ಸ್ಥಲದಲ್ಲಿ ಮೊದಲ ಮೆಟ್ಟಿಲು ಭಕ್ತ. ಅವನ ಲಕ್ಷಣಗಳಲ್ಲಿ ಮುಖ್ಯವಾದದ್ದು ದಾಸೋಹ, ಅಂದರೆ ಬಡಿಸುವುದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳೆಂಬ ಕತೆ ಕನ್ನಡಿಗರಿಗೆಲ್ಲ ಗೊತ್ತು. ಭಕ್ತ ಎಂಬ ಪದದ ಒಳಗಿರುವ ಅನ್ನ, ಪಾಲು, ಹಂಚಿಕೆ ಮೂರೂ ಆ ಒಂದು ಪ್ರಸಂಗದಲ್ಲಿ ಒಟ್ಟಿಗೆ ಬರುತ್ತವೆ. ಲಕ್ಕಮ್ಮನಿಗೆ ಧಾತುಪಾಠದ ಹಂಗಿರಲಿಲ್ಲ. ಆದರೆ ಸೇವೆಗೆ ಇಳಿದಿದ್ದ ಆ ಪದವನ್ನು ಅವಳು ಲೆಕ್ಕಕ್ಕೆ ತಂದು ನಿಲ್ಲಿಸಿದಳು: ನಮ್ಮ ಪಾಲು ಎಷ್ಟು?

2013ರಲ್ಲಿ ಕರ್ನಾಟಕ ಸರ್ಕಾರ ಬಡ ಕುಟುಂಬಗಳಿಗೆ ಅಕ್ಕಿ ಕೊಡುವ ಯೋಜನೆಗೆ ಅನ್ನಭಾಗ್ಯ ಎಂದು ಹೆಸರಿಟ್ಟಿತು. ಅದೇ ವರ್ಷ ಸಂಸತ್ತು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯನ್ನು ಅಂಗೀಕರಿಸಿ, ಪಡಿತರವನ್ನು ಹಕ್ಕಾಗಿ ಮಾಡಿತು. ಭಾಗ್ಯ ಎಂದರೆ ಕೊಟ್ಟವರ ಕೃಪೆ, ಹಕ್ಕು ಎಂದರೆ ಪಡೆಯುವವರ ಅಧಿಕಾರ ಎಂದು ಆ ಎರಡು ಪದಗಳನ್ನು ಎದುರಾಳಿಗಳಂತೆ ನಿಲ್ಲಿಸಿ ಮಾತಾಡುವವರನ್ನು ಕೇಳಿದ್ದೇನೆ. ಇಂದಿನ ಬಳಕೆಯಲ್ಲಿ ಅವರು ಹೇಳುವುದು ಸರಿ. ಪದದ ಚರಿತ್ರೆ ಬೇರೆಯೇ ಹೇಳುತ್ತದೆ. ಭಾಗ್ಯ ಎಂದರೆ ಹಂಚಲೇಬೇಕಾದದ್ದು. ಅದರ ಅವಳಿ ಭಾಜ್ಯವನ್ನು ಮೂರನೆಯ ತರಗತಿಯ ಮಗುವೂ ಕೃಪೆ ಎಂದುಕೊಳ್ಳುವುದಿಲ್ಲ. ಹನ್ನೆರಡನ್ನು ನಾಲ್ಕರಿಂದ ಭಾಗಿಸಿದರೆ ಮೂರು ಬರಬೇಕು, ಬರದಿದ್ದರೆ ಲೆಕ್ಕ ತಪ್ಪಿದೆ.

ಭಗನ ಕಣ್ಣು

ಹಂಚುವ ದೇವರಾದ ಭಗನಿಗೆ ಏನಾಯಿತು? ಅವನು ಕುರುಡನಾದ. ಯಜ್ಞದ ಒಂದು ಪಾಲನ್ನು ನೋಡಿದಾಗ ಅವನ ಕಣ್ಣು ಸುಟ್ಟುಹೋಯಿತೆಂದು ಶತಪಥ ಬ್ರಾಹ್ಮಣ ಹೇಳುತ್ತದೆ. ಪುರಾಣಗಳ ಕತೆ ನಮಗೆ ಹೆಚ್ಚು ಪರಿಚಿತ. ನಮ್ಮ ಹಳ್ಳಿಗಳಲ್ಲಿ ವೀರಗಾಸೆಯವರು ಇಂದಿಗೂ ಖಡ್ಗ ಹಿಡಿದು ಒಡಪು ಹೇಳುವ ದಕ್ಷಯಜ್ಞದ ಕತೆಯೇ ಅದು. ದಕ್ಷ ಎಲ್ಲ ದೇವತೆಗಳಿಗೂ ಹವಿರ್ಭಾಗ ಇಟ್ಟ, ಶಿವನಿಗೆ ಮಾತ್ರ ಇಡಲಿಲ್ಲ. ಆಗ ಬಂದ ವೀರಭದ್ರ ಭಗನ ಕಣ್ಣು ಕಿತ್ತ. ಶಿವನಿಂದೆ ನಡೆಯುತ್ತಿದ್ದಾಗ ಭಗ ಕಣ್ಸನ್ನೆ ಮಾಡಿ ದಕ್ಷನನ್ನು ಹುರಿದುಂಬಿಸಿದ್ದ ಎಂಬುದು ಭಾಗವತ ಪುರಾಣ ಕೊಡುವ ಕಾರಣ. ಪಾಲು ಹಂಚಬೇಕಾದ ದೇವರೇ ಒಬ್ಬನ ಪಾಲು ತಪ್ಪಿಸಲು ಕಣ್ಣು ಮಿಟುಕಿಸಿದ. ಹೋದದ್ದು ಆ ಕಣ್ಣೇ.

ಕತೆಯ ಕೊನೆಯಲ್ಲಿ ಶಿವ ಶಾಂತನಾಗುತ್ತಾನೆ. ಭಗನಿಗೆ ಹಳೆಯ ಕಣ್ಣುಗಳನ್ನು ಹಿಂದಿರುಗಿಸುವುದಿಲ್ಲ. ಇನ್ನು ಮುಂದೆ ಭಗ ತನ್ನ ಪಾಲನ್ನು ಮಿತ್ರನ ಕಣ್ಣಿನಿಂದ ನೋಡಲಿ ಎನ್ನುತ್ತಾನೆ. ಭಗನ ಜೊತೆ ಆದಿತ್ಯರ ಸಾಲಿನಲ್ಲಿ ಕುಳಿತಿದ್ದ, ಇರಾನಿನಲ್ಲೂ ಪೂಜೆಗೊಂಡ ಒಪ್ಪಂದದ ದೇವರಾದ ಅದೇ ಮಿತ್ರ. ಸ್ನೇಹಿತನಿಗೂ ನಾವು ಅವನ ಹೆಸರನ್ನೇ ಇಟ್ಟಿದ್ದೇವೆ. ಸೌಟು ಯಾರ ಕೈಯಲ್ಲಿದ್ದರೂ ಎಲೆಯನ್ನು ಅವನ ಕಣ್ಣಿನಿಂದಲೇ ನೋಡಬೇಕು.